ಎದೆಯ ಮೇಲಿನ ಶಾಸನ: ಆಟದ ಅಂಗಿಯೂ ಅದರ ಲಾಂಛನಗಳೂ



ನನ್ನ ಇತಿಹಾಸದ ತರಗತಿಯಲ್ಲಿ ಕುಳಿತವರಿಗೆ ರಾಜಲಾಂಛನಗಳ ಪಾಠ ನೆನಪಿರಬಹುದು. ಬನವಾಸಿಯ ಕದಂಬರಿಗೆ ಸಿಂಹ, ತಲಕಾಡಿನ ಗಂಗರಿಗೆ ಆನೆ, ಬಾದಾಮಿಯ ಚಾಲುಕ್ಯರಿಗೆ ವರಾಹ, ಮೈಸೂರಿನ ಒಡೆಯರಿಗೆ ಗಂಡಭೇರುಂಡ. ವಿಜಯನಗರದ ಅರಸರು ಚಾಲುಕ್ಯರ ವರಾಹವನ್ನೇ ತಮ್ಮ ಲಾಂಛನವಾಗಿ ಸ್ವೀಕರಿಸಿದರು. ಕೊನೆಗೆ ಅವರ ಹೊನ್ನಿನ ನಾಣ್ಯಕ್ಕೇ ‘ವರಾಹ’ ಎಂಬ ಹೆಸರು ನಿಂತಿತು. ತಾಮ್ರಶಾಸನದ ಅಕ್ಷರಗಳು ಸವೆದಿದ್ದರೂ ಉಂಗುರದ ಮೇಲಿನ ಮುದ್ರೆ ಉಳಿದಿದ್ದರೆ ಸಾಕು, ಅದು ಯಾವ ವಂಶದ್ದೆಂದು ಊಹಿಸಬಹುದು.

ಆ ಪಾಠದ ಜೊತೆಗೇ ಬರುತ್ತಿದ್ದುದು ದಾನಶಾಸನದ ಪಾಠ. ದೇವಾಲಯಕ್ಕೋ ಕೆರೆಗೋ ಭೂಮಿ ಬಿಟ್ಟವನ ಹೆಸರನ್ನು ಕಲ್ಲಿನಲ್ಲಿ ಕಂಡರಿಸುತ್ತಿದ್ದರು. ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯಚಂದ್ರರು. ಅವರಿರುವ ತನಕ, ಅಂದರೆ ಆಚಂದ್ರಾರ್ಕವಾಗಿ, ಈ ದಾನ ನಿಲ್ಲಲಿ ಎಂಬ ಆಶಯ. ಕೊಟ್ಟವರು ತಮ್ಮ ಹೆಸರು ಉಳಿಯಲೆಂದು ಬಯಸುವುದು ಹೊಸದೇನಲ್ಲ. ಇಂದಿಗೂ ನಮ್ಮೂರ ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ, ಗೋಡೆ ಗಡಿಯಾರದ ಕೆಳಗೆ ದಾನಿಯ ಹೆಸರನ್ನು ಕಾಣುತ್ತೇವೆ.

ಲಾಂಛನ ಮತ್ತು ದಾನಿಯ ಹೆಸರು, ಇವೆರಡೂ ಒಂದೇ ಬಟ್ಟೆಯ ಮೇಲೆ ಸೇರಿಕೊಂಡಿರುವ ಸ್ಥಳವೊಂದಿದೆ. ಅದು ಕ್ರೀಡಾಪಟುವಿನ ಅಂಗಿ. ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗನಿಗೆ ಭಾರತ ತಂಡದ ಅಂಗಿ ಕೊಡಿಸಲು ಹೊರಟು, ಬೆಲೆ ಕೇಳಿ ಬೆರಗಾಗಿ, “ಸಾರ್, ಇದರ ಹಿಂದೆಯೂ ಒಂದು ಇತಿಹಾಸ ಇರಬೇಕಲ್ಲವೇ?” ಎಂದು ಕೇಳಿದ. ಇದೆ. ಅದು ನಮ್ಮ ಕಾಲದ ಆರ್ಥಿಕ ಚರಿತ್ರೆಯೂ ಹೌದು ಎಂಬುದು ನನ್ನ ಅಭಿಪ್ರಾಯ.

ಗುರುತಿಗಾಗಿ ತೊಟ್ಟ ಬಣ್ಣ

ಮೊದಲಿಗೆ ಅಂಗಿಯ ಉದ್ದೇಶ ಒಂದೇ ಆಗಿತ್ತು: ನಮ್ಮವನು ಯಾರು, ಎದುರಾಳಿ ಯಾರು ಎಂದು ಓಟದ ನಡುವೆ ತಿಳಿಯಬೇಕು. ಶಾಲಾ ಕ್ರೀಡಾಕೂಟದ ಕೆಂಪು, ಹಸಿರು, ನೀಲಿ, ಹಳದಿ ದಳಗಳ ಉದ್ದೇಶವೂ ಅದೇ. ಯಾವ ಬಣ್ಣ ಎಂಬುದು ಎಷ್ಟೋ ವೇಳೆ ಆಕಸ್ಮಿಕ. ಇಟಲಿಯ ಟೂರಿನ್ ನಗರದ ಯುವೆಂಟಸ್ ತಂಡ ಮೊದಲು ತೊಡುತ್ತಿದ್ದುದು ಗುಲಾಬಿ ಅಂಗಿ. ಒಗೆದು ಒಗೆದು ಬಣ್ಣ ಮಾಸಿದಾಗ, 1903ರಲ್ಲಿ, ತಂಡದಲ್ಲಿದ್ದ ಜಾನ್ ಸ್ಯಾವೇಜ್ ಎಂಬ ಇಂಗ್ಲಿಷಿನವನ ಮೂಲಕ ನಾಟಿಂಗ್‌ಹ್ಯಾಮಿನಿಂದ ಹೊಸ ಅಂಗಿಗಳನ್ನು ತರಿಸಿದರು. ಬಂದದ್ದು ಅಲ್ಲಿಯ ನಾಟ್ಸ್ ಕೌಂಟಿ ತಂಡದ ಕಪ್ಪು ಬಿಳುಪು ಪಟ್ಟೆಯ ಅಂಗಿ. ಅದೇ ಇಂದಿಗೂ ಯುವೆಂಟಸ್‌ನ ಗುರುತು. ಬೆನ್ನಿನ ಮೇಲೆ ಅಂಕಿ ಬರೆಯುವ ಪದ್ಧತಿ ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಕಾಣಿಸಿಕೊಂಡದ್ದು 1928ರ ಆಗಸ್ಟಿನಲ್ಲಿ. ನೋಡುವವರಿಗೆ ಆಟಗಾರನನ್ನು ಗುರುತಿಸಲು ಅನುಕೂಲವಾಗಲೆಂಬುದಷ್ಟೇ ಅದರ ಹಿಂದಿನ ಆಲೋಚನೆ.

ಆದರೆ ಬಣ್ಣಕ್ಕೆ ಅರ್ಥ ಅಂಟಿಕೊಳ್ಳಲು ತಡವಾಗುವುದಿಲ್ಲ. ಇದಕ್ಕೆ ಬ್ರೆಜಿಲ್‌ಗಿಂತ ಒಳ್ಳೆಯ ನಿದರ್ಶನವಿಲ್ಲ. 1950ರ ವಿಶ್ವಕಪ್ಪಿನ ನಿರ್ಣಾಯಕ ಪಂದ್ಯದಲ್ಲಿ, ರಿಯೊ ನಗರದ ಮರಕಾನ ಕ್ರೀಡಾಂಗಣದಲ್ಲಿ, ತನ್ನ ಜನರ ಕಣ್ಣೆದುರೇ ಬ್ರೆಜಿಲ್ ತಂಡವು ಉರುಗ್ವೆಗೆ 1-2ರಿಂದ ಸೋತಿತು. ಅಂದು ಆಟಗಾರರು ತೊಟ್ಟಿದ್ದುದು ಬಿಳಿ ಅಂಗಿ. ಸೋಲಿನ ದುಃಖ ಎಷ್ಟು ಆಳಕ್ಕೆ ಇಳಿಯಿತೆಂದರೆ, ಬಿಳಿಯ ಬಣ್ಣವೇ ಅಪಶಕುನವೆಂಬ ಭಾವನೆ ಹಬ್ಬಿತು. 1953ರಲ್ಲಿ ಅಲ್ಲಿಯ ‘ಕೊರೆಯೊ ದ ಮನ್ಯಾ’ ಪತ್ರಿಕೆ ಹೊಸ ಉಡುಪಿಗಾಗಿ ಸ್ಪರ್ಧೆ ಏರ್ಪಡಿಸಿತು. ರಾಷ್ಟ್ರಧ್ವಜದ ಹಸಿರು, ಹಳದಿ, ನೀಲಿ, ಬಿಳಿ ನಾಲ್ಕೂ ಬಣ್ಣಗಳು ಇರಲೇಬೇಕೆಂಬುದು ಷರತ್ತು. ಗೆದ್ದವನು ಉರುಗ್ವೆಯ ಗಡಿಗೆ ತಾಗಿಕೊಂಡಿರುವ ಜಗ್ವಾರಾವ್ ಎಂಬ ಸಣ್ಣ ಊರಿನ ಹುಡುಗ ಆಲ್ದಿರ್ ಗಾರ್ಸಿಯಾ ಶ್ಲೀ. ಅಂಗಿಗೆ ಹಳದಿ, ಕೊರಳು ತೋಳುಗಳ ಅಂಚಿಗೆ ಹಸಿರು, ಚಡ್ಡಿಗೆ ನೀಲಿ, ಕಾಲುಚೀಲಕ್ಕೆ ಬಿಳಿ. ವಿಚಿತ್ರವೆಂದರೆ, ಗಡಿಯೂರಿನ ಈ ಹುಡುಗನ ಒಲವು ಆಟದ ವಿಷಯದಲ್ಲಿ ಉರುಗ್ವೆಯ ಕಡೆಗೇ ಇತ್ತು. ಮುಂದೆ ಲೇಖಕನಾಗಿ ಹೆಸರು ಮಾಡಿ 2018ರಲ್ಲಿ ತೀರಿಕೊಂಡ.

ಆ ಹಳದಿ ಅಂಗಿಯಲ್ಲಿ ಪೆಲೆ ಆಡಿದ. ಜಗತ್ತು ಅದನ್ನು ಆಟದ ಸೊಬಗಿನ ಇನ್ನೊಂದು ಹೆಸರೆಂದು ತಿಳಿಯಿತು. 1996ರಲ್ಲಿ ನೈಕಿ ಕಂಪನಿ ಆ ಅಂಗಿಯನ್ನು ಒದಗಿಸುವ ಹಕ್ಕಿಗಾಗಿ ಹತ್ತು ವರ್ಷಗಳಿಗೆ 16 ಕೋಟಿ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ತಂಡದ ವಿಷಯದಲ್ಲಿ ಕಂಪನಿಯ ಮಾತು ಎಷ್ಟು ನಡೆಯುತ್ತದೆ ಎಂಬ ಪ್ರಶ್ನೆ ಎದ್ದು, 2000ದ ವೇಳೆಗೆ ಬ್ರೆಜಿಲ್‌ನ ಸಂಸತ್ತೇ ವಿಚಾರಣೆಗೆ ಕುಳಿತುಕೊಳ್ಳಬೇಕಾಯಿತು. ಹತ್ತೊಂಬತ್ತರ ಆಸುಪಾಸಿನ ಹುಡುಗನೊಬ್ಬ ಕಾಗದದ ಮೇಲೆ ಬಣ್ಣ ತುಂಬಿದ ಅಂಗಿ ಅರ್ಧ ಶತಮಾನದೊಳಗೆ ಸಂಸತ್ತಿನ ಕಡತವಾದ ಕಥೆಯಿದು.

ಜಿಂಕೆ ಹೊಕ್ಕ ದಾರಿ

ಈ ಬದಲಾವಣೆ ಒಂದೇ ದಿನದಲ್ಲಿ ಆದದ್ದಲ್ಲ. ಅಂಗಿಯೊಳಕ್ಕೆ ವ್ಯಾಪಾರವು ಎರಡು ಬಾಗಿಲುಗಳಿಂದ ಬಂತು. ಒಂದು, ಬಟ್ಟೆ ಹೊಲಿದವನ ಗುರುತು. ಇನ್ನೊಂದು, ಹಣ ಕೊಟ್ಟವನ ಹೆಸರು. ಎರಡೂ ತೆರೆದದ್ದು 1970ರ ದಶಕದಲ್ಲಿಯೇ. ಕಾರಣ ಊಹಿಸುವುದು ಕಷ್ಟವಲ್ಲ. ಆ ಹೊತ್ತಿಗೆ ಯುರೋಪಿನ ಮನೆಮನೆಗೆ ಬಣ್ಣದ ದೂರದರ್ಶನ ಬರತೊಡಗಿತ್ತು. ಮೈದಾನದಲ್ಲಿ ಕುಳಿತ ಕೆಲವು ಸಾವಿರ ಜನರ ಬದಲು ಲಕ್ಷಾಂತರ ಕಣ್ಣುಗಳು ಆಟಗಾರನ ಎದೆಯನ್ನು ನೋಡುವಂತಾಯಿತು.

ಮೊದಲನೆಯ ಬಾಗಿಲನ್ನು ತೆರೆದದ್ದು ಇಂಗ್ಲೆಂಡಿನ ಲೆಸ್ಟರ್ ಸಮೀಪದ ಅಡ್ಮಿರಲ್. ಅದು ಒಳ ಉಡುಪುಗಳನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯ ಛಾಪು. 1973ರಲ್ಲಿ ಲೀಡ್ಸ್ ತಂಡದೊಡನೆ, 1974ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ತಂಡದೊಡನೆ ಅದು ಒಪ್ಪಂದ ಮಾಡಿಕೊಂಡಿತು. ಅಲ್ಲಿಯವರೆಗೆ ತಂಡಗಳೇ ಅಂಗಡಿಗೆ ಹಣ ಕೊಟ್ಟು ಅಂಗಿ ಕೊಳ್ಳುತ್ತಿದ್ದವು. ಈಗ ಅಂಗಿಯವನೇ ತಂಡಕ್ಕೆ ಹಣ ಕೊಡತೊಡಗಿದ. ಈ ತಿರುವುಮುರುವಿನ ಗುಟ್ಟು ಸರಳ. ಸಾದಾ ಬಿಳಿ ಅಂಗಿಯನ್ನು ಯಾರು ಬೇಕಾದರೂ ಹೊಲಿದು ಮಾರಬಹುದು. ಅಂಚಿಗೆ ವಿಶೇಷ ಪಟ್ಟಿ, ಎದೆಗೆ ನೋಂದಾಯಿತ ಗುರುತು ಇಟ್ಟರೆ, ಅದರ ಪಡಿಯಚ್ಚನ್ನು ಮಕ್ಕಳಿಗೆ ಮಾರುವ ಹಕ್ಕು ಒಬ್ಬನಿಗೇ ಸೇರುತ್ತದೆ. ಮಗುವಿನ ಹಟ ಮತ್ತು ತಂದೆಯ ಜೇಬು ಇವೆರಡರ ನಡುವಿನ ಅಂಗಡಿ ಅಂದು ಶುರುವಾಯಿತು. 2023ರಲ್ಲಿ ಅಡಿಡಾಸ್ ಭಾರತ ತಂಡದ ಅಂಗಿಯನ್ನು ಬಿಡುಗಡೆ ಮಾಡಿದಾಗ ಆಟಗಾರರು ತೊಡುವಂಥದಕ್ಕೆ 4,999 ರೂಪಾಯಿ, ಅಭಿಮಾನಿಗಳ ಸಾದಾ ಅಂಗಿಗೆ 999 ರೂಪಾಯಿ ಎಂದು ಬೆಲೆ ಕಟ್ಟಿದ್ದರ ಮೂಲ ಅಲ್ಲಿದೆ.

ಹೊಲಿದವನ ಗುರುತಿಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ 1974ರ ವಿಶ್ವಕಪ್ಪಿನದೇ ಒಂದು ಪ್ರಸಂಗವಿದೆ. ನೆದರ್ಲೆಂಡ್ಸ್ ತಂಡದ ಅಂಗಿ ಅಡಿಡಾಸ್‌ನದು. ತೋಳಿನ ಉದ್ದಕ್ಕೂ ಮೂರು ಪಟ್ಟೆ. ನಾಯಕ ಯೋಹಾನ್ ಕ್ರೈಫ್‌ನ ಸ್ವಂತ ಒಪ್ಪಂದ ಇದ್ದುದು ಪ್ರತಿಸ್ಪರ್ಧಿ ಪೂಮಾ ಜೊತೆ. ಈ ಎರಡು ಕಂಪನಿಗಳಾದರೂ ಒಂದೇ ಊರಿನ, ಜಗಳವಾಡಿ ಬೇರೆಯಾದ ಇಬ್ಬರು ಅಣ್ಣತಮ್ಮಂದಿರು ಕಟ್ಟಿದವು! ಕ್ರೈಫ್ ಮೂರು ಪಟ್ಟೆ ತೊಡಲು ಒಪ್ಪಲಿಲ್ಲ. ಕೊನೆಗೆ ಅವನೊಬ್ಬನಿಗೇ ಎರಡು ಪಟ್ಟೆಯ ಅಂಗಿ ಸಿದ್ಧವಾಯಿತು. ದೇಶದ ನಾಯಕನ ತೋಳಿನಿಂದ ಒಂದು ಎಳೆ ಬಟ್ಟೆ ಕಳಚಲು ಇಷ್ಟು ದೊಡ್ಡ ಕಾರಣ ಬೇಕಾಯಿತು.

ಎರಡನೆಯ ಬಾಗಿಲಿನ ಕಥೆ ಇನ್ನೂ ಸ್ವಾರಸ್ಯಕರ. ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಐನ್‌ಟ್ರಾಕ್ಟ್ ತಂಡವು 1967ರಲ್ಲಿ ಲೀಗ್ ಗೆದ್ದದ್ದು. ಅದರ ಲಾಂಛನ ಆ ನಗರದ ಹಳೆಯ ಕೆಂಪು ಸಿಂಹ. ಸಮೀಪದಲ್ಲಿಯೇ ಯೇಗರ್‌ಮೈಸ್ಟರ್ ಎಂಬ ಮದ್ಯ ತಯಾರಾಗುತ್ತಿತ್ತು; ಅದರ ಶೀಸೆಯ ಮೇಲೆ ಕೊಂಬುಗಳ ನಡುವೆ ಶಿಲುಬೆ ಹೊತ್ತ ಜಿಂಕೆಯ ಚಿತ್ರ. ಮದ್ಯದ ಒಡೆಯ ಗುಂಟರ್ ಮಾಸ್ಟ್‌ಗೆ ತಂಡದ ಅಂಗಿಯ ಮೇಲೆ ತನ್ನ ಜಾಹೀರಾತು ಬೇಕಾಗಿತ್ತು. ರಾಷ್ಟ್ರೀಯ ಸಂಸ್ಥೆ ಜಾಹೀರಾತಿಗೆ ಒಪ್ಪದು. ಆದರೆ ತಂಡ ತನ್ನ ಲಾಂಛನವನ್ನು ಬದಲಿಸಿಕೊಂಡರೆ? ಅದಕ್ಕೆ ಅಡ್ಡಿಯಿರಲಿಲ್ಲ. ಹೀಗಾಗಿ 1973ರ ಜನವರಿಯಲ್ಲಿ ಸಂಘದ ಸದಸ್ಯರು ಸಭೆ ಸೇರಿ, ಸಿಂಹವನ್ನು ಕೆಳಗಿಳಿಸಿ ಜಿಂಕೆಯನ್ನು ತಮ್ಮ ಲಾಂಛನವೆಂದು ಅಂಗೀಕರಿಸಿದರು. ಮಾರ್ಚ್ 24ರಂದು ಶಾಲ್ಕೆ ತಂಡದ ವಿರುದ್ಧ ಜಿಂಕೆ ಮೈದಾನಕ್ಕಿಳಿಯಿತು. ನಿಯಮ ಮೀರಿಲ್ಲವೆಂದು ಖಚಿತಪಡಿಸಿಕೊಳ್ಳಲು ತೀರ್ಪುಗಾರರು ಲಾಂಛನದ ಅಗಲವನ್ನು ಅಳೆದು ನೋಡಿದರಂತೆ. ಅದೇ ವರ್ಷದ ಅಕ್ಟೋಬರಿನಲ್ಲಿ ಅಂಗಿಯ ಮೇಲಿನ ಜಾಹೀರಾತಿಗೆ ಸಂಸ್ಥೆಯೇ ಅನುಮತಿ ಕೊಟ್ಟಿತು. ಚಾಲುಕ್ಯರ ವರಾಹವನ್ನು ವಿಜಯನಗರದವರು ಎತ್ತಿಕೊಂಡದ್ದು ಗೌರವದಿಂದ. ಬ್ರೌನ್‌ಷ್ವೈಗ್‌ನ ಸಿಂಹ ಕೆಳಗಿಳಿದದ್ದು ಹಣಕ್ಕಾಗಿ.

ಇಂಗ್ಲೆಂಡಿನಲ್ಲಿ ಈ ಸಾಹಸ ಮಾಡಿದ್ದು ಕೆಟರಿಂಗ್ ಟೌನ್ ಎಂಬ ಸಣ್ಣ ತಂಡ. 1976ರ ಜನವರಿ 24ರಂದು ಅದರ ಆಟಗಾರರು ‘ಕೆಟರಿಂಗ್ ಟೈರ್ಸ್’ ಎಂದು ಎದೆಯ ಮೇಲೆ ಬರೆಸಿಕೊಂಡು ಬಂದರು. ಅಳಿಸಿಹಾಕಿ ಎಂದಿತು ಫುಟ್‌ಬಾಲ್ ಸಂಸ್ಥೆ. ತಂಡದ ಮುಖ್ಯಸ್ಥ ಡೆರೆಕ್ ಡೂಗನ್ ‘ಕೆಟರಿಂಗ್ ಟಿ’ ಎಂದಷ್ಟೇ ಉಳಿಸಿ, ‘ಟಿ’ ಎಂದರೆ ಟೈರ್ ಅಲ್ಲ, ಟೌನ್ ಎಂದು ವಾದಿಸಿದ. ದಂಡದ ಬೆದರಿಕೆ ಬಂದ ಮೇಲೆ ಅದನ್ನೂ ಅಳಿಸಬೇಕಾಯಿತು. ಆದರೆ 1977ರಲ್ಲಿ ನಿಷೇಧವೇ ತೆರವಾಯಿತು. 1979ರಲ್ಲಿ ಲಿವರ್‌ಪೂಲ್‌ನಂಥ ದೊಡ್ಡ ತಂಡದ ಎದೆಯ ಮೇಲೆ ಜಪಾನಿನ ಹಿಟಾಚಿ ಬಂದು ಕುಳಿತಿತು.

ಬಿಳಿಯಿಂದ ಬಣ್ಣಕ್ಕೆ

ಇಷ್ಟಾದರೂ ಕ್ರಿಕೆಟ್ ಮಡಿಯಾಗಿಯೇ ಇತ್ತು. ಆ ಬಿಳಿಯನ್ನು ಕದಡಿದವನು ಆಸ್ಟ್ರೇಲಿಯದ ದೂರದರ್ಶನ ವಾಹಿನಿಯ ಒಡೆಯ ಕೆರಿ ಪ್ಯಾಕರ್. ಪ್ರಸಾರದ ಹಕ್ಕು ಸಿಗದೆ, 1977ರಲ್ಲಿ ಜಗತ್ತಿನ ಹೆಸರಾಂತ ಆಟಗಾರರನ್ನೇ ಕೊಂಡು ಆತ ತನ್ನದೇ ಸರಣಿ ಆರಂಭಿಸಿದ. ರಾತ್ರಿ ದೀಪದ ಬೆಳಕಿನಲ್ಲಿ ಬಿಳಿಯ ಚೆಂಡು ಕಾಣಬೇಕಾದರೆ ಅಂಗಿಗೆ ಬಣ್ಣ ಬೇಕು. 1979ರ ಜನವರಿಯಲ್ಲಿ ಆಸ್ಟ್ರೇಲಿಯನ್ನರು ಹಳದಿ, ವೆಸ್ಟ್ ಇಂಡೀಸಿನವರು ಹವಳದ ಗುಲಾಬಿ ತೊಟ್ಟು ಆಡಿದರು. ಸಂಪ್ರದಾಯಸ್ಥರು ಇದನ್ನು ‘ಪೈಜಾಮ ಕ್ರಿಕೆಟ್’ ಎಂದು ಹಾಸ್ಯ ಮಾಡಿದರು. 1983ರಲ್ಲಿ ಕಪಿಲ್‌ದೇವ್ ಲಾರ್ಡ್ಸ್‌ನಲ್ಲಿ ಕಪ್ಪು ಎತ್ತಿ ಹಿಡಿದಾಗಲೂ ವಿಶ್ವಕಪ್ಪಿನ ಉಡುಪು ಬಿಳಿಯದೇ. 1992ರ ವಿಶ್ವಕಪ್ಪಿನಲ್ಲಿ ಎಲ್ಲ ತಂಡಗಳೂ ಬಣ್ಣದ ಅಂಗಿ ತೊಟ್ಟವು. ಬೆನ್ನಿನ ಮೇಲೆ ಆಟಗಾರರ ಹೆಸರೂ ಬಂತು. ಆ ಹೊತ್ತಿಗೆ ನಮ್ಮ ಹಳ್ಳಿಗಳಿಗೂ ದೂರದರ್ಶನ ತಲುಪಿತ್ತು. ಹಾಸ್ಯ ಮಾಡಿದವರ ಮೊಮ್ಮಕ್ಕಳು ಅದೇ ‘ಪೈಜಾಮ’ ತೊಟ್ಟು ಬೀದಿಯಲ್ಲಿ ಆಡತೊಡಗಿದರು.

ಭಾರತದ ಎದೆಯ ಮೇಲಿನ ಸಾಲುಗಳು

ಇನ್ನು ನಮ್ಮ ತಂಡದ ಎದೆಯನ್ನು ಒಂದು ಶಾಸನವೆಂದು ಭಾವಿಸಿ ಮೇಲಿನಿಂದ ಕೆಳಕ್ಕೆ ಓದೋಣ.

ಮೊದಲ ಸಾಲಿನಲ್ಲಿ ಸಿಗರೇಟು. 1990ರ ದಶಕದ ನಮ್ಮ ತಂಡದ ಅಂಗಿಯ ಮೇಲೆ ಇದ್ದುದು ಐಟಿಸಿ ಕಂಪನಿಯ ‘ವಿಲ್ಸ್’. ಕುಂಬ್ಳೆ, ಶ್ರೀನಾಥ್, ದ್ರಾವಿಡ್ ಮೊದಲಾದ ನಮ್ಮ ನಾಡಿನ ಸಜ್ಜನರೂ ಆ ಅಂಗಿಯಲ್ಲಿಯೇ ಆಡಿದವರು. ತರಗತಿಯಲ್ಲಿ ತಂಬಾಕಿನ ಕೆಡುಕನ್ನು ಬೋಧಿಸುವ ಉಪಾಧ್ಯಾಯನ ಮಾತಿಗೂ ಸಂಜೆ ಪರದೆಯಲ್ಲಿ ಕಾಣುವ ವೀರನ ಎದೆಗೂ ಹೊಂದಿಕೆಯಿರಲಿಲ್ಲ. 2001ರಲ್ಲಿ ತಂಬಾಕಿನ ಪ್ರಾಯೋಜನೆಯನ್ನು ನಿಷೇಧಿಸುವ ಮಸೂದೆಯ ಮಾತು ಬಂದಾಗ ಕಂಪನಿಯು ತಾನಾಗಿ ಹಿಂದೆ ಸರಿಯಿತು. ಕಾನೂನು ಬಂದದ್ದು 2003ರಲ್ಲಿ.

ಎರಡನೆಯ ಸಾಲು ‘ಸಹಾರಾ’, 2001ರಿಂದ 2013ರವರೆಗೆ. ಸಣ್ಣ ಉಳಿತಾಯಗಾರರ ಹಣದಿಂದ ಬೆಳೆದ ಸಮೂಹ. ಹೂಡಿಕೆದಾರರ ಸಾವಿರಾರು ಕೋಟಿ ರೂಪಾಯಿಗಳನ್ನು ಹಿಂದಿರುಗಿಸಬೇಕೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. 2014ರಲ್ಲಿ ಸಮೂಹದ ಮುಖ್ಯಸ್ಥರು ತಿಹಾರ್ ಸೇರಿದರು. ಮೂರನೆಯ ಸಾಲು ‘ಸ್ಟಾರ್’, 2014ರಿಂದ 2017. ಪಂದ್ಯವನ್ನು ಬಿತ್ತರಿಸುವ ವಾಹಿನಿಯೇ ಆಟಗಾರನ ಎದೆಯನ್ನೂ ಹಿಡಿಯಿತು. ನಾಲ್ಕನೆಯದು ಚೀನಾದ ಮೊಬೈಲ್ ‘ಒಪ್ಪೊ’. ಐದು ವರ್ಷಗಳಿಗೆ 1,079 ಕೋಟಿ ರೂಪಾಯಿ ಎಂದು ಬಂದದ್ದು ಎರಡೇ ವರ್ಷಗಳಲ್ಲಿ ಜಾಗ ಬಿಟ್ಟುಕೊಟ್ಟಿತು. 2019ರಲ್ಲಿ ಬಂದ ಐದನೆಯ ಸಾಲು ನಮ್ಮ ಬೆಂಗಳೂರಿನ ‘ಬೈಜೂಸ್’, ಮಕ್ಕಳಿಗೆ ಪರದೆಯ ಮೇಲೆ ಪಾಠ ಹೇಳುವ ಕಂಪನಿ. ಸುಮಾರು 158 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ಮಂಡಳಿಯೇ ಅದರ ಮೇಲೆ ದೂರು ಹೂಡಿ, 2024ರ ಜುಲೈಯಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಆರನೆಯದು ‘ಡ್ರೀಮ್ ಇಲೆವೆನ್’. 2023ರಲ್ಲಿ ಮೂರು ವರ್ಷಗಳಿಗೆಂದು 358 ಕೋಟಿ ರೂಪಾಯಿಗೆ ಬಂದದ್ದು. 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ನಿಷೇಧಿಸಿದಾಗ ಅದೂ ಅಳಿಯಿತು. ಆ ಸೆಪ್ಟೆಂಬರಿನಲ್ಲಿ 579 ಕೋಟಿ ರೂಪಾಯಿಗಳಿಗೆ 2028ರ ಮಾರ್ಚ್‌ವರೆಗೆ ‘ಅಪೋಲೊ ಟೈರ್ಸ್’ ಒಪ್ಪಂದ ಮಾಡಿಕೊಂಡಿತು. ಕೆಟರಿಂಗ್‌ನ ಟೈರು ಅರ್ಧ ಶತಮಾನ ಉರುಳಿ ನಮ್ಮಲ್ಲಿಗೂ ಬಂತು ಎನ್ನಬೇಕು.

ಈ ಏಳು ಸಾಲುಗಳನ್ನು ಒಟ್ಟಿಗೆ ಓದಿದರೆ ಕಾಲು ಶತಮಾನದ ಭಾರತ ಕಾಣುತ್ತದೆ: ಹೊಗೆ, ಸಣ್ಣ ಉಳಿತಾಯ, ಟಿವಿ, ಮೊಬೈಲು, ಮೊಬೈಲಿನಲ್ಲಿ ಪಾಠ, ಮೊಬೈಲಿನಲ್ಲಿ ಪಣ, ರಸ್ತೆ. ದಾನಶಾಸನಕ್ಕೂ ಇದಕ್ಕೂ ಇರುವ ಅಂತರವೂ ಆಗ ಹೊಳೆಯುತ್ತದೆ. ಇಲ್ಲಿ ಸೂರ್ಯಚಂದ್ರರಿಲ್ಲ, ಮುಕ್ತಾಯದ ದಿನಾಂಕವಿದೆ. ಇದು ದಾನವಲ್ಲ, ಗೇಣಿ. ಕಂತು ಕಟ್ಟುವವರೆಗೆ ಭೂಮಿ ಅವನದು.

ಹೆಸರೇ ಮಾರಾಟವಾದರೆ

ಗೇಣಿಗೆ ಒಂದು ಎಲ್ಲೆ ಬೇಡವೇ? ಜಿಂಕೆಯ ಒಡೆಯ ಮಾಸ್ಟ್‌ಗೆ ಎದೆಯಷ್ಟೇ ಸಾಲಲಿಲ್ಲ. 1980ರ ದಶಕದಲ್ಲಿ ತಂಡದ ಹೆಸರಿಗೇ ಮದ್ಯದ ಹೆಸರು ಸೇರಿಸಲು ಆತ ಮುಂದಾದ; ಸದಸ್ಯರೂ ಒಪ್ಪಿದರು. ಜರ್ಮನಿಯ ಸಂಸ್ಥೆ ಇದನ್ನು ಮಾತ್ರ ಒಪ್ಪಲಿಲ್ಲ. ಅಲ್ಲಿ ಆಗದೆ ಹೋದದ್ದು 2008ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಿರಾಯಾಸವಾಗಿ ಆಯಿತು. 11.16 ಕೋಟಿ ಡಾಲರಿಗೆ ನಗರದ ಐಪಿಎಲ್ ತಂಡವನ್ನು ಕೊಂಡ ಮದ್ಯೋದ್ಯಮಿ ತನ್ನ ‘ರಾಯಲ್ ಚಾಲೆಂಜ್’ ವಿಸ್ಕಿಯ ಹೆಸರನ್ನೇ ಅದಕ್ಕಿಟ್ಟರು. ದೂರದರ್ಶನದಲ್ಲಿ ಮದ್ಯದ ಜಾಹೀರಾತಿಗೆ ಅವಕಾಶವಿಲ್ಲದ ದೇಶದಲ್ಲಿ ಆ ಹೆಸರನ್ನು ವೀಕ್ಷಕ ವಿವರಣೆಕಾರರು ಎಲ್ಲರ ಮನೆಯಲ್ಲೂ ಉಚ್ಚರಿಸುವಂತಾಯಿತು.

ಆದರೆ ಇತಿಹಾಸ ಇಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಹದಿನೇಳು ವರ್ಷ ಸೋತರೂ ಜನ ಆ ತಂಡವನ್ನು ಕೈಬಿಡಲಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬ ಕನ್ನಡದ ಮಾತು ಪ್ರತಿ ವರ್ಷವೂ ಮೊಳಗಿತು. 2024ರಲ್ಲಿ ತಂಡದ ಹೆಸರು ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಆಯಿತು. 2025ರ ಜೂನ್ 3ರಂದು ಕಪ್ಪೂ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸಂಭ್ರಮಕ್ಕೆ ನೆರೆದ ಜನರ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವಗಳು ಹೋದವು. ಬಾಟಲಿಯ ಹೆಸರು ಹೊತ್ತ ಅಂಗಿಗಾಗಿ ಅವರು ಬಂದವರಲ್ಲ. ತಮ್ಮ ಊರೆಂದು ತಿಳಿದು ಬಂದವರು. ಹೆಸರನ್ನು ಮಾರಿದವರಿಗೂ ಕೊಂಡವರಿಗೂ ಆ ಭಾವನೆಯ ತೂಕ ತಿಳಿದಿರಬೇಕಾದದ್ದು ಇದಕ್ಕಾಗಿಯೇ.

ಬೇರೆ ದಾರಿಗಳು

ಎಲ್ಲ ಹೆಸರುಗಳೂ ಒಂದೇ ಬಗೆಯವಲ್ಲ. 1899ರಲ್ಲಿ ಹುಟ್ಟಿದ ಬಾರ್ಸಿಲೋನಾ ತಂಡ ಶತಮಾನಕ್ಕೂ ಹೆಚ್ಚು ಕಾಲ ಎದೆಯನ್ನು ಖಾಲಿ ಇಟ್ಟುಕೊಂಡು, 2006ರಲ್ಲಿ ಮೊದಲ ಬಾರಿಗೆ ಬರೆಸಿಕೊಂಡದ್ದು ‘ಯುನಿಸೆಫ್’ ಎಂದು. ಹಣ ಪಡೆದಲ್ಲ, ತಾನೇ ವರ್ಷಕ್ಕೆ 15 ಲಕ್ಷ ಯೂರೊ ಕೊಟ್ಟು! ಐದೇ ವರ್ಷಗಳಲ್ಲಿ ಕತಾರಿನ ಹಣ ಆ ಎದೆಯನ್ನು ಹಿಡಿಯಿತೆಂಬುದು ಕಥೆಯ ಉತ್ತರಾರ್ಧ. ನಮ್ಮಲ್ಲಿ, 2018ರಿಂದ ಹಾಕಿ ತಂಡಗಳ ಎದೆಯ ಮೇಲೆ ಬಂದದ್ದು ‘ಒಡಿಶಾ’. ರಾಜ್ಯ ಸರ್ಕಾರವೊಂದು ರಾಷ್ಟ್ರೀಯ ತಂಡಕ್ಕೆ ಆಸರೆಯಾಗಿ ನಿಂತಿತು. 2021ರಲ್ಲಿ ಟೋಕಿಯೊದಲ್ಲಿ ನಲವತ್ತೊಂದು ವರ್ಷಗಳ ನಂತರ ಒಲಿಂಪಿಕ್ ಪದಕ ಬಂದಾಗ ಆ ಆಸರೆಯನ್ನು ಎಲ್ಲರೂ ನೆನೆದರು.

ಕನ್ನಡಿಗರಿಗೆ ಹೆಮ್ಮೆಯ ಒಂದು ಸಂಗತಿಯೂ ಇದೆ. 2024ರ ಟಿ-20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕರಾದದ್ದು ಕರ್ನಾಟಕ ಹಾಲು ಮಹಾಮಂಡಳ. ಸ್ಕಾಟ್ಲೆಂಡಿನ ಆಟಗಾರರ ತೋಳಿನ ಮೇಲೆ ‘ನಂದಿನಿ’ ಎಂದು ಕನ್ನಡ ಲಿಪಿಯಲ್ಲಿಯೇ ಇತ್ತು. ಕೆರಿಬಿಯನ್ ದ್ವೀಪದಲ್ಲಿ, ಸ್ಕಾಟಿಷ್ ತೋಳಿನ ಮೇಲೆ, ಹಲ್ಮಿಡಿಯ ಶಾಸನದ ಭಾಷೆ! ಸಂತೋಷಪಟ್ಟೆ. ಆದರೆ ಆ ಅಕ್ಷರದ ಹಿಂದಿರುವುದು ಬೆಳಗಿನ ಜಾವ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲು ನಿಲ್ಲುವ ರೈತರ, ಅದರಲ್ಲೂ ಹೆಂಗಸರ, ದುಡಿಮೆ. ಆ ಹಣ ಎಲ್ಲಿ ಖರ್ಚಾಗುತ್ತದೆಂದು ಕೇಳುವ ಹಕ್ಕು ಅವರಿಗಿದೆ ಎಂಬುದನ್ನೂ ಮರೆಯಬಾರದು.

ನಂದಿನಿ ತೋಳಿನ ಮೇಲೆ ಬಂದು ಎದೆಯ ಮೇಲೆ ಬಾರದಿರಲು ಕಾರಣವಿದೆ. ಐಸಿಸಿ ನಡೆಸುವ ವಿಶ್ವಕಪ್ಪುಗಳಲ್ಲಿ ಎದೆ ದೇಶದ ಹೆಸರಿಗೆ ಮೀಸಲು, ಪ್ರಾಯೋಜಕನಿಗೆ ತೋಳಷ್ಟೇ. ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಅದೂ ಇಲ್ಲ. ಹೊಲಿದವನ ಗುರುತಿಗಷ್ಟೇ ಸ್ಥಳ. ಹಣದ ಹೊಳೆಯೇ ಹರಿಯುವ ಆಟಗಳಲ್ಲಿಯೂ ಹೀಗೆ ಗೆರೆ ಎಳೆಯಲು ಸಾಧ್ಯವೆಂಬುದನ್ನು ಗಮನಿಸಬೇಕು.

2025ರ ಸೆಪ್ಟೆಂಬರಿನ ಏಷ್ಯಾ ಕಪ್ಪಿನಲ್ಲಿ, ಹಳೆಯ ಗೇಣಿದಾರ ಹೋಗಿ ಹೊಸಬ ಬಂದಿರದ ನಡುವಿನ ದಿನಗಳಲ್ಲಿ, ನಮ್ಮ ಪುರುಷರ ತಂಡದ ಎದೆಯ ಮೇಲೆ ಇದ್ದುದು ‘ಇಂಡಿಯಾ’ ಎಂಬ ಒಂದೇ ಪದ. ಗೆದ್ದರು. ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಹರ್ಮನ್‌ಪ್ರೀತ್ ಕೌರ್ ಮತ್ತು ಸಂಗಡಿಗರು ಮಹಿಳೆಯರ ವಿಶ್ವಕಪ್ ಗೆದ್ದಾಗಲೂ ಎದೆಯ ಮೇಲೆ ದೇಶದ ಹೆಸರೇ. ಆ ಚಿತ್ರಗಳು ಮುಂದೆ ಪಠ್ಯಪುಸ್ತಕಕ್ಕೆ ಬಂದಾಗ, ಈ ಕಂಪನಿ ಯಾವುದು, ಅದೇನಾಯಿತು ಎಂದು ಅಡಿಟಿಪ್ಪಣಿ ಹಾಕುವ ಶ್ರಮ ಮೇಷ್ಟ್ರಿಗೆ ಉಳಿಯಿತು.

ಮಕ್ಕಳಿಗೆ ಅಂಗಿ ಕೊಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಆ ಬಣ್ಣ ತೊಟ್ಟಾಗ ಅವರ ನಡಿಗೆಯೇ ಬೇರೆಯಾಗುತ್ತದೆ. ಆ ಸುಖವನ್ನು ಕಸಿಯಬಾರದು. ಕೊಡಿಸಿ. ಜೊತೆಗೆ, ಅದರ ಮೇಲೆ ಬರೆದಿರುವುದನ್ನು ಅವರೊಡನೆ ಕುಳಿತು ಒಮ್ಮೆ ಓದಿ. ಯಾವುದು ಲಾಂಛನ, ಯಾವುದು ಗೇಣಿಯ ಫಲಕ ಎಂದು ಮಗು ತಾನಾಗಿ ಬೇರ್ಪಡಿಸಿ ಹೇಳಿದರೆ, ಶಾಸನ ಓದುವ ಮೊದಲ ಪಾಠ ಮುಗಿದಂತೆ.